ಕೈ ಎತ್ತುವ ಪಾಠ

ನನ್ನ ಗಂಡ ಶಾಲೆಯೊಂದರ ಕರಾಟೆ ಮಾಸ್ತರು. ಅಭ್ಯಾಸದ ಹಾಲ್‌ಗೆ ಅಂಟಿಕೊಂಡ ಎರಡು ಕೋಣೆಗಳೇ ನಮ್ಮ ಮನೆ. ಕೆಲಸದ ಜೊತೆ ಬಂದದ್ದು, ಕೆಲಸ ಹೋದರೆ ಹೋಗುವಂಥದ್ದು. ಅದಕ್ಕೆ ಒಂದೇ ಬಾಗಿಲು, ಅದೂ ಹಾಲ್‌ಗೇ ತೆರೆಯುತ್ತದೆ. ತರಕಾರಿ ತರಬೇಕೆಂದರೂ ನಾನು ಚಪ್ಪಲಿ ಕೈಯಲ್ಲಿ ಹಿಡಿದು, ಗಾಳಿಗೆ ಗುದ್ದುತ್ತಿರುವ ಮೂವತ್ತು ಮಕ್ಕಳ ಪಕ್ಕದಲ್ಲಿ ಗೋಡೆ ಸವರಿಕೊಂಡು ಹೋಗಬೇಕು. ಹನ್ನೆರಡು ವರ್ಷದಿಂದ ಹೀಗೇ ನಡೆದಿದ್ದೇನೆ.

ಇವರ ಪಾಠದಲ್ಲಿ ಒಂದು ವಿಚಿತ್ರ ನಿಯಮವಿತ್ತು. ಹೊಡೆದವರು ಪಾಯಿಂಟ್ ಕೇಳುವಂತಿಲ್ಲ. ಏಟು ತಿಂದವರೇ ಕೈ ಎತ್ತಿ "ತಾಗಿತು" ಅನ್ನಬೇಕು. "ತೀರ್ಪುಗಾರರ ಕಣ್ಣಿಗೆ ಮಣ್ಣೆರಚಬಹುದು, ನಿನ್ನ ಪಕ್ಕೆಲುಬಿಗೆ ಗೊತ್ತಿರುತ್ತಲ್ಲೋ" ಎನ್ನುತ್ತಿದ್ದರು. ಸ್ಪರ್ಧೆಗಳಲ್ಲೂ ನಮ್ಮ ಮಕ್ಕಳು ಯಾರೂ ನೋಡದ ಏಟನ್ನು ತಾವಾಗಿ ಒಪ್ಪಿಕೊಂಡು, ಸೋತು, ನಗುತ್ತಾ ಬರುತ್ತಿದ್ದರು. ನಾನು ಇವರನ್ನು ಧರ್ಮರಾಯ ಎಂದು ಕರೆಯುತ್ತಿದ್ದೆ. ಹೊಗಳಿಕೆಗಲ್ಲ.

ಈ ವರ್ಷ ಹೆಡ್‌ಮಿಸ್ಟ್ರೆಸ್ ಬಾಗಿಲಲ್ಲೇ ನಿಂತು ಹೇಳಿದರು: "ಒಂದು ಪದಕನೂ ಇಲ್ಲ ಅಂದ್ರೆ ಪೋಷಕರಿಗೆ ಏನು ಹೇಳ್ಲಿ ಮಾಸ್ತರೇ? ಈ ಸಲಾನೂ ಬರಿಗೈಲಿ ಬಂದ್ರೆ ಹಾಲ್ ಡ್ಯಾನ್ಸ್ ಕ್ಲಾಸಿಗೆ ಕೊಡ್ತೀನಿ. ಕೋಣೆ ಖಾಲಿ ಮಾಡ್ಬೇಕಾಗುತ್ತೆ."

ಇವರು ತಲೆಯಾಡಿಸಿ, ಮಕ್ಕಳ ಕಾಲಿನ ನಿಲುವು ತಿದ್ದಲು ಹೋದರು. ನನಗೆ ಮೈಯೆಲ್ಲ ಉರಿಯಿತು. ನಮಗೆ ಬೇರೆ ಸೂರಿರಲಿಲ್ಲ.

ಗೆಲ್ಲಬಲ್ಲವಳು ನಮ್ಮ ಮಗಳೊಬ್ಬಳೇ, ಹನ್ನೊಂದು ವರ್ಷದವಳು. ಸ್ಪರ್ಧೆಯ ಬೆಳಿಗ್ಗೆ ಜಡೆ ಹೆಣೆಯುತ್ತಾ ಅವಳ ಕಿವಿಯಲ್ಲಿ ಹೇಳಿದೆ: "ಇವತ್ತೊಂದಿನ ಕೈ ಎತ್ತಬೇಡ ಕಣೇ. ಅಪ್ಪಂಗೆ ಹೇಳ್ಬೇಡ."

"ತಾಗಿದ್ರೂನಾ?"

"ತಾಗಿದ್ರೂ. ಮನೆ ಉಳೀಬೇಕಲ್ವಾ?"

ಫೈನಲ್ ಕೊನೆಯ ನಿಮಿಷದವರೆಗೂ ಸಮಸಮವಾಗಿತ್ತು. ಆಗ ಎದುರಾಳಿ ಹುಡುಗಿಯ ಒದೆ ಇವಳ ಎಡಪಕ್ಕೆಗೆ ಬಿತ್ತು. ಬಲಗಡೆಯಿದ್ದ ತೀರ್ಪುಗಾರರಿಗೆ ಕಾಣಲಿಲ್ಲ. ಎಡಗಡೆ ಕೂತಿದ್ದ ನಮಗಿಬ್ಬರಿಗೂ ಕಂಡಿತು. ಪಾಯಿಂಟ್ ಸಿಕ್ಕಿತೆಂದೇ ಆ ಹುಡುಗಿ ಕೈ ಕೆಳಗಿಳಿಸಿದಳು. ಮಗಳು ಒಮ್ಮೆ ಅಪ್ಪನ ಕಡೆ ನೋಡಿ, ಕೈ ಎತ್ತದೆ ಆ ಹುಡುಗಿಯ ಎದೆಗೆ ಗುದ್ದಿದಳು. ಗೆದ್ದಳು.

ಇವರು ಕುರ್ಚಿಯಿಂದ ಅರ್ಧ ಎದ್ದಿದ್ದರು. ನಾನು ಮೊಣಕೈ ಹಿಡಿದು, "ಎಲ್ಲಿಗೆ ಹೋಗೋಣ, ಹೇಳಿ?" ಎಂದೆ. ಇವರು ಕೂತರು. ನಾನು ಕೈ ಬಿಡಲಿಲ್ಲ.

ಪದಕವನ್ನು ಹಾಲ್‌ನ ಗೋಡೆಗೆ ತೂಗುಹಾಕಿದರು. ಕೋಣೆಗಳು ಉಳಿದವು. ಸೋಮವಾರದ ಪಾಠದಲ್ಲಿ ಇವರು "ಏಟು ತಿಂದವರು..." ಎಂದು ಶುರುಮಾಡಿ, ಮುಂದೆ ಹೇಳದೆ, ಮಕ್ಕಳನ್ನು ಓಡಲು ಕಳಿಸಿಬಿಟ್ಟರು. ನಾನು ಒಳಗಿನಿಂದ ಕೇಳಿಸಿಕೊಂಡೆ. ಆ ಕೋಣೆಯಲ್ಲಿ ಕೇಳಿಸದೆ ಇರುವುದು ಏನೂ ಇಲ್ಲ.

ಸಂಜೆ ಊಟಕ್ಕೆ ಕೂತಾಗ ಮಗಳು ಕೇಳಿದಳು: "ಅಪ್ಪ, ನೀನು ನೋಡಿದೆ ತಾನೆ?"

"ನೋಡಿದೆ."

"ನಂಗೆ ಅಮ್ಮ ಬೇಡ ಅಂದಿದ್ಲು. ನಿಂಗೆ ಯಾರೂ ಅಂದಿರ್ಲಿಲ್ವಲ್ಲ. ನೀನಾದ್ರೂ ಎದ್ದು ಹೇಳ್ತೀಯ ಅಂತ ನೋಡ್ದೆ."

ನಾನು ಹಿಡಿದು ಕೂರಿಸಿದ್ದನ್ನು ಇವರು ಹೇಳಬಹುದಿತ್ತು. ಹೇಳಲಿಲ್ಲ. "ನಂದೇ ತಪ್ಪು ಮಗಳೇ" ಎಂದರು. ಅವಳು ತಟ್ಟೆ ಎತ್ತಿಕೊಂಡು ಪಕ್ಕದ ಕೋಣೆಗೆ ಹೋದಳು. ಅವಳ ಕಣ್ಣಲ್ಲಿ ಅಪ್ಪ ಸಣ್ಣವರಾಗಿದ್ದನ್ನು ಎದುರಿಗೇ ಕೂತು ನೋಡಿದೆ. ಬಾಯಿ ಬಿಡಲಿಲ್ಲ.