ಗರಿಫಾಲಿಯಾಳ ವಾರ

ಮನೂಸೋಸ್ ನನ್ನ ಪಕ್ಕದ ಮನೆಯವನು. ಎಪ್ಪತ್ತೆಂಟು ವರ್ಷ. ಐವತ್ತು ವರ್ಷ ಆಲಿವ್ ಕಾಯಿ ಬಡಿದು, ಮೂಟೆ ಕಟ್ಟಿ ಗಾಣಕ್ಕೆ ಹೊತ್ತವನು. ಕ್ರೀಟ್ ದ್ವೀಪದ ಈ ಗುಡ್ಡದೂರಲ್ಲಿ ಅವನಷ್ಟು ಮಾತು ಕಡಿಮೆಯ ಗಂಡಸು ಇನ್ನೊಬ್ಬನಿಲ್ಲ. ಅವನ ಪಾಲಿನದನ್ನೂ ಸೇರಿಸಿ ಹೆಂಡತಿ ಗರಿಫಾಲಿಯಾ ಮಾತಾಡುತ್ತಿದ್ದಳು. ಕಳೆದ ನವೆಂಬರಿನಲ್ಲಿ, ಕಾಯಿ ಬಡಿಯುವ ವಾರವೇ, ಅವಳು ಅಂಗಳದಲ್ಲಿ ಕುಸಿದು ತೀರಿಕೊಂಡಳು. ಅವನು ಅಳಲಿಲ್ಲ. ಮಣ್ಣು ಮಾಡಿ ಬಂದು ಕುರ್ಚಿಯ ಮೇಲೆ ಕೂತ, ಅಷ್ಟೇ.

ಒಂಬತ್ತನೇ ದಿನ ನಾನು ಕಡಲೆಕಾಳು ಬೇಯಿಸಿ, ಮೇಲೆ ಧಾರಾಳವಾಗಿ ಎಣ್ಣೆ ಸುರಿದು, ಒಂದು ತಟ್ಟೆ ತುಂಬ ತೆಗೆದುಕೊಂಡು ಹೋದೆ. ಬಾಗಿಲಲ್ಲೇ ನಿಂತು, "ಬೇಡ ಕಣೇ ಅರ್ಗೀರೋ, ತಗೊಂಡ್ಹೋಗು" ಅಂದ. ಕೈ ಕೂಡ ಚಾಚಲಿಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ನನ್ನ ಕೈಯಡುಗೆಯನ್ನು ವಾಪಸ್ ಕಳಿಸುವಷ್ಟು ಕೊಬ್ಬೇ ಇವನಿಗೆ! ಅವತ್ತಿನಿಂದ ಎಂಟು ತಿಂಗಳು ಅವನ ಕಡೆ ತಲೆ ಹಾಕಲಿಲ್ಲ. ಅವನ ಮನೆಯ ಹೊಗೆಗೂಡಿನಲ್ಲಿ ಹೊಗೆ ಏಳದೇ ಇರುವುದು ದಿನಾ ಕಣ್ಣಿಗೆ ಬೀಳುತ್ತಿತ್ತು. ಕಂಡೂ ಸುಮ್ಮನಿದ್ದೆ.

ನಮ್ಮೂರಿಗೆ ಮೂರು ತಿಂಗಳಿಗೊಮ್ಮೆ ನೆಕ್ತಾರಿಯಾ ಎಂಬ ನರ್ಸು ಬರುತ್ತಾಳೆ. ಮುದುಕರ ರಕ್ತ ತೆಗೆಯುತ್ತಾಳೆ, ಬಿ.ಪಿ. ನೋಡುತ್ತಾಳೆ, ಆಮೇಲೆ ದಪ್ಪ ಪುಸ್ತಕ ಬಿಚ್ಚಿ ವಾರವಿಡೀ ಏನೇನು ತಿಂದಿರಿ ಎಂದು ಕೇಳುತ್ತಾಳೆ. ಎಣ್ಣೆ ಎಷ್ಟು, ಸೊಪ್ಪು ಎಷ್ಟು, ಕಾಳು ಎಷ್ಟು, ವೈನ್ ಒಬ್ಬರೇ ಕುಡಿದಿರೋ ಜೊತೆಯಲ್ಲೋ. ನಮ್ಮ ಊಟದಲ್ಲಿ ಹೃದಯಕ್ಕೆ ಒಳ್ಳೆಯದೇನೋ ಇದೆಯಂತೆ, ಅದನ್ನು ಅಳೆಯುತ್ತಾರಂತೆ. ಪ್ರತಿಸಲವೂ ಊರಿಗೇ ಹೆಚ್ಚು ಅಂಕ ಮನೂಸೋಸನಿಗೆ. ಉತ್ತರ ಹೇಳುತ್ತಿದ್ದದ್ದು ಮಾತ್ರ ಗರಿಫಾಲಿಯಾ. ಇವನು ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿದ್ದ. ಅವಳು ಹೋದಮೇಲೆ ಇವನೇ ಏನು ಹೇಳುತ್ತಿದ್ದನೋ, ನಾನು ಕೇಳಿಸಿಕೊಂಡಿರಲಿಲ್ಲ.

ಈ ಜುಲೈನಲ್ಲಿ ನಾನು ಬಿ.ಪಿ. ನೋಡಿಸಿಕೊಳ್ಳಲು ಹೋದಾಗ ಅವನು ನನಗಿಂತ ಮುಂದೆ ಕೂತಿದ್ದ. ಬಲಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಕಲ್ಲು ತಾಗಿತ್ತಂತೆ. ಎರಡು ತಿಂಗಳಾದರೂ ಹುಣ್ಣು ಮಾಯ್ದಿರಲಿಲ್ಲ.

"ನೋವಿದೆಯಾ ಅಜ್ಜ?" ಎಂದಳು ನೆಕ್ತಾರಿಯಾ.

"ಇಲ್ಲ ಮಗಳೆ. ಏನೂ ಗೊತ್ತಾಗಲ್ಲ."

"ಅದೇ ಕೆಟ್ಟದ್ದು. ಸಕ್ಕರೆ ಮೂರು ಪಟ್ಟಾಗಿದೆ. ಇದು ಇಳೀದಿದ್ರೆ ಕಾಲೇ ತೆಗೀಬೇಕಾಗುತ್ತೆ ಅಂತ ಡಾಕ್ಟರು ಹೇಳ್ತಿದಾರೆ. ನೀವು ಇಷ್ಟು ಚೆನ್ನಾಗಿ ಊಟ ಮಾಡ್ತೀರಿ, ಯಾಕೆ ಹಿಂಗಾಗ್ತಿದೆ ಅಂತ ಅವರಿಗೂ ತಿಳೀತಿಲ್ಲ. ಇರಲಿ, ಸೋಮವಾರ ಏನು ತಿಂದ್ರಿ?"

"ಚನ್ನಂಗಿ ಬೇಳೆ."

"ಮಂಗಳವಾರ?"

"ಗುಡ್ಡದ ಸೊಪ್ಪು. ನಿಂಬೆಹಣ್ಣು ಹಿಂಡಿ."

"ಬುಧವಾರ?"

"ಉಪವಾಸದ ದಿನ, ಮಾಂಸ ಇಲ್ಲ. ಕಡಲೆ."

ಅದು ಗರಿಫಾಲಿಯಾಳ ವಾರ, ಅವಳು ಅಡುಗೆ ಮಾಡುತ್ತಿದ್ದ ಸರದಿ, ಅದೂ ಅವಳ ಕೊನೆಯ ಚಳಿಗಾಲದ್ದು. ಜುಲೈನಲ್ಲಿ ನಮ್ಮ ಗುಡ್ಡದ ಮೇಲೆ ಮುಳ್ಳು ಬಿಟ್ಟರೆ ಏನಿರುತ್ತದೆ? ಸೊಪ್ಪು ಏಳುವುದು ಚಳಿಗಾಲದ ಮೊದಲ ಮಳೆ ಬಿದ್ದಮೇಲೆ. ಪೇಟೆಯ ಹುಡುಗಿ ನೆಕ್ತಾರಿಯಾ ಅದನ್ನೆಲ್ಲ ಏನು ಬಲ್ಲಳು, ಬರೆದುಕೊಳ್ಳುತ್ತಾ ಹೋದಳು.

"ಸುಳ್ಳು ಕಣಮ್ಮ!" ಎಂದು ಕೂಗಿಯೇಬಿಟ್ಟೆ. "ಯಾವ ಸೊಪ್ಪು? ಇವನ ಮನೇಲಿ ಒಲೆ ಹಚ್ಚಿ ಎಂಟು ತಿಂಗಳಾಯ್ತು! ಏನಯ್ಯಾ ತಿಂತಿದೀಯ, ಬಾಯಿ ಬಿಡು. ಕಾಲು ಹೋಗ್ಲಿ ಅಂತಿದೀಯಾ?"

ಸಿಟ್ಟಾಗುತ್ತಾನೆ ಅಂದುಕೊಂಡೆ. ಇಲ್ಲ. ಬಹಳ ದಣಿದವನ ಹಾಗೆ ನನ್ನನ್ನೇ ನೋಡಿದ.

"ಬಿಸ್ಕತ್ತು," ಅಂದ. "ಡಬ್ಬದ ಸಿಹಿ ಹಾಲು ಹಾಕಿ ತಣ್ಣೀರಲ್ಲೇ ಕಲಸಿದ ಕಾಫಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ."

"ನಾನು ತಂದದ್ದನ್ನ ಯಾಕೆ ಬೇಡ ಅಂದೆ ಮತ್ತೆ?"

"ತಟ್ಟೇನ ಖಾಲಿ ಕಳಿಸೋಕಾಗುತ್ತಾ? ಏನಾದ್ರೂ ಮಾಡಿ ತುಂಬಿ ಕೊಡ್ತಿದ್ದವಳು ಅವಳು. ನನಗೆ ನೀರು ಕಾಯಿಸೋಕೂ ಬರಲ್ಲ."

ನಮ್ಮ ಬೀದಿಯಲ್ಲಿ ತಟ್ಟೆ ಬರಿದಾಗಿ ಹಿಂದಿರುಗಿಸಿದರೆ ಮರ್ಯಾದೆ ಹೋದಂತೆ. ಹುಟ್ಟಿದಾಗಿನಿಂದ ಗೊತ್ತಿದ್ದ ಮಾತು ನನಗೆ ಅವತ್ತು ಮಾತ್ರ ಹೊಳೆದಿರಲಿಲ್ಲ. ಎಂಟು ತಿಂಗಳು ನಾನು ಕೊಬ್ಬು ಎಂದು ಬೈದುಕೊಂಡದ್ದು ಅವನ ನಾಚಿಕೆಯನ್ನು. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಅಜ್ಜ, ನನ್ನ ಹತ್ರ ಯಾಕೆ ಸುಳ್ಳು ಹೇಳಿದ್ರಿ?" ಎಂದಳು ನೆಕ್ತಾರಿಯಾ. ಅವಳ ದನಿ ಸಣ್ಣದಾಗಿತ್ತು.

"ನಿನ್ನ ಪುಸ್ತಕದಲ್ಲಾದ್ರೂ ಅವಳು ಅಡುಗೆ ಮಾಡ್ತಿರಲಿ ಅಂತ."

ಆ ಬೆರಳು ಉಳಿಯಲಿಲ್ಲ, ಕಾಲು ಉಳಿಯಿತು. ಔಷಧ ಬದಲಾಯಿಸಿದರು. ಈಗ ನಾನು ಮಧ್ಯಾಹ್ನ ಪಾತ್ರೆಯನ್ನೇ ಹೊತ್ತುಕೊಂಡು ಹೋಗಿ ಅವನ ಮೇಜಿನ ಮೇಲೆ, ಅವನ ಮನೆಯ ತಟ್ಟೆಗಳಿಗೇ ಬಡಿಸಿ, ಜೊತೆಯಲ್ಲಿ ಕೂತು ಉಣ್ಣುತ್ತೇನೆ. ಹಿಂದಿರುಗಿಸುವ ಪ್ರಶ್ನೆಯೇ ಬರುವುದಿಲ್ಲ. ಉಪ್ಪು ಸಾಲದು ಅನ್ನುತ್ತಾನೆ, ಬಾಯಿ ಮುಚ್ಚಿಕೊಂಡು ತಿನ್ನು ಅನ್ನುತ್ತೇನೆ. ಇದೆಲ್ಲ ಆಮೇಲಿನ ಮಾತು.

ಅವತ್ತು ನೆಕ್ತಾರಿಯಾ ಬರೆದದ್ದನ್ನೆಲ್ಲ ಹೊಡೆದುಹಾಕಿ ಏಳೂ ದಿನಕ್ಕೆ ಬಿಸ್ಕತ್ತು ಎಂದು ಬರೆದಳು. ಪುಟದ ಕೊನೆಯಲ್ಲಿ ಒಂದು ಪ್ರಶ್ನೆ ಉಳಿದಿತ್ತು, ಮನೆಯಲ್ಲಿ ಅಡುಗೆ ಮಾಡುವವರು ಯಾರು ಎಂದು. ಅದರ ಮುಂದೆ, ಹಿಂದಿನ ಪುಟ ನೋಡಿ, ಗರಿಫಾಲಿಯಾ ಎಂದು ಮೊದಲೇ ಬರೆದಿಟ್ಟಿದ್ದಳು. ನೆಕ್ತಾರಿಯಾ ಪೆನ್ನು ಹಿಡಿದು ಅವನ ಮುಖ ನೋಡಿದಳು.

"ಯಾರೂ ಇಲ್ಲ ಅಂತ ಬರಿ," ಅಂದ.

ಅವಳು ಸರಕ್ಕನೆ ಹೆಸರಿನ ಮೇಲೆ ಗೆರೆ ಎಳೆದಳು. ಮನೂಸೋಸ್ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡ. ಶಾಯಿ ಇನ್ನೂ ಒಣಗಿರಲಿಲ್ಲ. ಗೆರೆಯ ಮೇಲೆ ಬೆರಳಿಟ್ಟ.

"ಸ್ವಲ್ಪ ಮೆಲ್ಲಗೆ ಎಳೀಬಹುದಿತ್ತು, ಮಗಳೆ," ಅಂದ.