ಅಪ್ಪ ತೊಳೆದು ಕುಡಿದ ಗಂಗಾಳ

ಅಪ್ಪ ಮೊದಲ ಸಲ ನಮ್ಮ ಮನೆಯಲ್ಲಿ ಉಣ್ಣಲು ಬರುವ ಹಿಂದಿನ ದಿನ ಭಾನುವಾರ. ನನ್ನ ಗಂಡ ಕುರಿಗಳನ್ನು ಮೈದುನನಿಗೆ ಒಪ್ಪಿಸಿ, ಜಹೀರಾಬಾದಿನಿಂದ ಉಣ್ಣಲು ಹೊಸ ಗಂಗಾಳ, ಹೊಸ ಬೋಗುಣಿ, ಹೊಸ ಕೊಡ ತಂದರು. ಮಾಂಸ ಬೇಯಿಸಿದ ಪಾತ್ರೆಗಳೆಲ್ಲ ದೊಡ್ಡಿ ಸೇರಿದವು.

ನಾನು ಲಿಂಗ ಕಟ್ಟುವ ಮನೆಯವಳು. ಅವರದು ಕುರಿ ಸಾಕುವ ಮನೆ. ಹಟ ಹಿಡಿದು ಮದುವೆಯಾದೆವು. ಅಂದಿನಿಂದ ಅಪ್ಪ ನಾರಾಯಣಖೇಡದಿಂದ ನಮ್ಮೂರು ಮೊಗುಡಂಪಲ್ಲಿಗೆ ಬಂದರೂ ಅಂಗಳದ ಬೇವಿನ ಕೆಳಗೇ ನಿಂತು, ತನ್ನ ಬಾಟಲಿಯ ನೀರು ಕುಡಿದು ಹೋಗುತ್ತಿದ್ದ. ತವರಿಗೆ ನಾನೊಬ್ಬಳೇ ಹೋಗುತ್ತಿದ್ದೆ.

ಈ ಬೇಸಿಗೆಯಲ್ಲಿ ತಾಂಡೂರಿನ ಸೋದರತ್ತೆಯ ಮನೆಗೆ ಹೋದ ಅಪ್ಪ ಜ್ವರ ಬಂದು ಅಲ್ಲಿನ ಆಸ್ಪತ್ರೆ ಸೇರಿದ. ನನ್ನ ಗಂಡ, ಇವರೇ ಹೋಗಿ ಪಕ್ಕದಲ್ಲಿ ಕೂತರು. ಬೆಳಗಿನ ಪೂಜೆಗೆ ಅಪ್ಪ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡರೆ ಕೈ ನಡುಗುತ್ತಿತ್ತು. ಲಿಂಗ ಮುಟ್ಟದಂತೆ ಆ ಕೈಯನ್ನು ಕೆಳಗಿನಿಂದ ಇವರು ಹಿಡಿದುಕೊಳ್ಳುತ್ತಿದ್ದರು. ಊರಿಗೆ ಮರಳಿದ ಮೇಲೆ ಅಪ್ಪನ ಫೋನ್ ಬಂತು: "ಸೋಮವಾರ ನಿಮ್ಮ ಮನಿಗೆ ಉಣ್ಣಾಕ ಬರ್ತೀನಿ."

ಭಾನುವಾರ ಸಂಜೆ ಇವರು ಹೊಸ ಗಂಗಾಳ ಮುಂದಿಟ್ಟುಕೊಂಡು ಕೂತರು. "ನಿಮ್ಮಪ್ಪ ಉಂಡಂಗ ನಾನೂ ಉಣ್ಣಬೇಕು. ಹೆಂಗಂತ ಹೇಳು."

"ಒಂದು ಅಗಳೂ ಬಿಡಬಾರದ್ರಿ. ಕಡೀಕ ನೀರು ಹಾಕಿ ಗಂಗಾಳ ತೊಳದು, ಆ ನೀರೂ ಕುಡೀಬೇಕು. ಅದೂ ಪ್ರಸಾದ."

ಉಂಡಾದ ಮೇಲೆ ಹಾಗೇ ತೊಳೆದು ಕುಡಿದು ಮುಖ ಕಿವುಚಿದರು. "ಪುಂಡಿಪಲ್ಯಕ್ಕ ಇಷ್ಟು ಖಾರ ಹಾಕೀದಿ, ನಿನ್ನ ಶಿವನ ಗಂಟಲೂ ಸುಡ್ತದ."

ನಗು ತಡೆಯಲಾಗಲಿಲ್ಲ. ಮರುದಿನ ಖಾರ ಕಡಿಮೆ ಹಾಕಿದೆ.

ಒಂದೇ ತಪ್ಪಾಯಿತು. ಅಪ್ಪನಿಗೆ ಹಿಡಿಸಲಿಕ್ಕಿಲ್ಲವೆಂದು ಇವರು ತಮ್ಮ ದೇವರು ಮಲ್ಲಯ್ಯನ ಭಂಡಾರದ ಚೀಲವನ್ನು, ಹಣೆಗೆ ಹಚ್ಚುವ ಆ ಅರಿಶಿನದ ಪುಡಿಯನ್ನು, ದೇವರ ಗೂಡಿನಿಂದ ತೆಗೆದು ಜೋಳದ ಡಬ್ಬಿಯ ಹಿಂದೆ ಇಟ್ಟಿದ್ದರು. ಅಪ್ಪ ಒಳಗೆ ಬಂದವನೇ ಖಾಲಿ ಗೂಡು ನೋಡಿದ.

"ಮಲ್ಲಯ್ಯ ಎಲ್ಲಿ ಹೋಗ್ಯಾನ?"

ಇವರ ಕಣ್ಣು ಜೋಳದ ಡಬ್ಬಿಯ ಕಡೆ ಹೋಯಿತು.

"ಮಾವ ಬರ್ತಾನಂತ ಮನಿ ದೇವರನ್ನ ಓಡಿಸ್ದೇನೋ ಅಳಿಯಾ? ಅವನೂ ಶಿವನೇ ಅಲ್ಲೇನು? ತಾ ಇಲ್ಲಿ."

ಇವರು ಚೀಲ ತಂದು ಬಿಚ್ಚಿದರು. ಅಪ್ಪ ವಿಭೂತಿಯ ಕೆಳಗೆ ಭಂಡಾರ ಹಚ್ಚಿಸಿಕೊಂಡ. 'ಅಳಿಯಾ' ಎಂದು ಕರೆದದ್ದು ಅದೇ ಮೊದಲು. ನಾನು ಬಡಿಯುತ್ತಿದ್ದ ರೊಟ್ಟಿ ಹರಿಯಿತು. ಇಬ್ಬರೂ ಎದುರುಬದುರು ಕೂತು ಉಂಡರು, ಗಂಗಾಳ ತೊಳೆದು ಕುಡಿದರು. ಇವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು, ಪರೀಕ್ಷೆ ಪಾಸಾದವರಂತೆ.

ಹೊರಡುವಾಗ ಅಪ್ಪ ಹೇಳಿದ: "ಬರೋ ಸೋಮವಾರ ಇಬ್ಬರೂ ಬರ್ರಿ. ನಮ್ಮ ಮನ್ಯಾಗ ಊಟ."

ಆಟೊ ತಿರುವು ದಾಟುವವರೆಗೂ ಇವರು ದಾರಿಯಲ್ಲೇ ನಿಂತಿದ್ದರು. "ಬಿಳಿ ಧೋತರ ಉಡ್ಲೇನು, ಪ್ಯಾಂಟ್ ಹಾಕ್ಲೇನು?" ಮೂರು ದಿನವೂ ಅದೇ ಪ್ರಶ್ನೆ. ಧೋತರ ಒಗೆದು ಮಡಚಿಟ್ಟೆ.

ಗುರುವಾರ ಮಧ್ಯಾಹ್ನ ಅಡವಿಯಲ್ಲಿ ಕುರಿಗಳ ನಡುವೆ ಇದ್ದಾಗ ಅವರಿಗೆ ಸಿಡಿಲು ಬಡಿಯಿತು. ಮಣ್ಣಿಗೆ ಇಡುವಾಗ ಮೈದುನ ಭಂಡಾರ ಹಚ್ಚಿದ, ಅಪ್ಪ ವಿಭೂತಿ ಹಚ್ಚಿದ. ಯಾರೂ ತಕರಾರು ಮಾಡಲಿಲ್ಲ.

ಈಗಲೂ ದಿನಾ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುತ್ತೇನೆ. ಇದ್ದೀಯೋ ಇಲ್ಲವೋ ಎಂದು ಶಿವನನ್ನು ಕೇಳುವುದಿಲ್ಲ. ಸೋಮವಾರದವರೆಗೆ ಯಾಕೆ ತಡೆಯಲಿಲ್ಲ ಎಂದು ಕೇಳುತ್ತೇನೆ. ಅಪ್ಪ ಆಗಾಗ ಬಂದು ಉಂಡು ಹೋಗುತ್ತಾನೆ.

ನನ್ನ ಗಂಡ ನನ್ನ ತವರಿನಲ್ಲಿ ಒಂದು ಹೊತ್ತೂ ಉಣ್ಣಲಿಲ್ಲ.