ಕಂಪ್ಯೂಟರಿನೊಳಗಿನ ಮದುವೆ

ನಾನಿನ್ನೂ ಬದುಕಿದ್ದೇನೆ ಎನ್ನುವ ಸರ್ಟಿಫಿಕೇಟು ಆ ದಿನವೇ ಹೋಗದಿದ್ದರೆ ನನ್ನ ಪಿಂಚಣಿ ನಿಲ್ಲುತ್ತಿತ್ತು. ಲಾಯಿಲದ ನಮ್ಮ ಮಹಿಳಾ ಸಂಘಕ್ಕೆ ಓಡಿದೆ. ಅಲ್ಲಿ ಎಲ್ಲರಿಗೂ ಸೇರಿ ಇರುವುದು ಒಂದೇ ಕಂಪ್ಯೂಟರ್. ಅದನ್ನು ನೋಡಿಕೊಳ್ಳುವ ಶೋಭಾ ನನ್ನ ಫೋಟೊ ತೆಗೆದು ಒತ್ತಿದಳು, ಮತ್ತೂ ಒತ್ತಿದಳು.

"ಇದರಲ್ಲಿ ಜಾಗವೇ ಇಲ್ಲ ದೊಡ್ಡಮ್ಮ. ಒಬ್ಬೊಬ್ಬರಿಗೆ ಇಷ್ಟೇ ಅಂತ ಲಿಮಿಟ್ ಹಾಕಿದ್ದೇನೆ. ಅಧ್ಯಕ್ಷರಿಗೆ ಹಾಕುವ ಧೈರ್ಯ ನನಗೆ ಉಂಟಾ?"

ಅಧ್ಯಕ್ಷೆ ವನಜ ಪಕ್ಕದಲ್ಲೇ ಕೂತಿದ್ದಳು. ಬಂದವರಿಗೆಲ್ಲ ಧಾರೆ ತೋರಿಸಲಿಕ್ಕೆಂದು ಮಗಳ ಮದುವೆಯ ಇಡೀ ವಿಡಿಯೊ ಅದರಲ್ಲಿ ತುಂಬಿಸಿಟ್ಟಿದ್ದಳು.

"ಅದನ್ನು ಮಾತ್ರ ಮುಟ್ಟಬೇಡಿ," ಎಂದಳು.

"ಮುಟ್ಟುವುದು ಬೇಡ ಮಾರಾಯ್ತಿ. ಒಮ್ಮೆ ನೋಡುವ, ಬೇಡದ್ದಿದ್ದರೆ ಅಷ್ಟೇ ತೆಗೆಯುವ," ಎಂದೆ.

ಖುಷಿಯಲ್ಲೇ ಹಾಕಿಸಿದಳು. ಧಾರೆಯ ನಂತರದ್ದನ್ನು ಅವಳೂ ನೋಡಿರಲಿಲ್ಲವೋ ಏನೋ. ವಿಡಿಯೊದವ ಅಡುಗೆಯವರ ಕಡೆಗೂ ಹೋಗಿದ್ದಾನೆ. ಅಲ್ಲಿ ನಮ್ಮ ವನಜ ಪಟ್ಟೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಸಾಂಬಾರಿಗೆ ಕೊಡಪಾನದಿಂದ ನೀರು ಹೊಯ್ಯುತ್ತಿದ್ದಾಳೆ! ಮಿಕ್ಕಿದ ಸಾಂಬಾರನ್ನು ತೋಡಿನ ನೀರಿಗೆ ಚೆಲ್ಲಿದೆವು ಎಂದು ಊರಿಡೀ ಹೇಳಿಕೊಂಡು ತಿರುಗಿದವಳೂ ಇವಳೇ. ಕೊನೆಯ ಪಂಕ್ತಿಯಲ್ಲಿ ಉಂಡ ನನಗೆ ಆಗಲೇ ಸಂಶಯ ಬಂದಿತ್ತು.

"ನಿಲ್ಲಿಸು ಶೋಭಾ! ಎಲ್ಲ ಅಳಿಸು," ಎಂದು ವನಜ ಬೊಬ್ಬೆ ಹಾಕಿದಳು. "ಪಾಪ, ದೊಡ್ಡಮ್ಮನ ಪಿಂಚಣಿ ಮುಖ್ಯ."

ಶೋಭಾ ಅಳಿಸಿದಳು, ಸರ್ಟಿಫಿಕೇಟು ಹೋಯಿತು. ಹೊರಡುವಾಗ ವನಜ ನನ್ನ ಕೈ ಹಿಡಿದುಕೊಂಡಳು.

"ಅದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಅಲ್ವಾ?"

ಕಂಪ್ಯೂಟರಿನಲ್ಲಿ ಇಲ್ಲ, ನಿಜ. ನೋಡಿದ ನಾನು ಬದುಕಿದ್ದೇನೆ, ಅದಕ್ಕೆ ಸರ್ಟಿಫಿಕೇಟೂ ಉಂಟು.